ಹವ್ಯಾಸಿ ಟ್ರಯಥ್ಲೀಟ್‌ಗಳಿಗೆ ಆನ್‌ಲೈನ್ ತರಬೇತಿ: ಒಂದು ಋತುವಿನ ಬಳಕೆಯ ನಂತರದ ವಿಮರ್ಶೆ

ಈಜು, ಸೈಕ್ಲಿಂಗ್, ಓಟ ಮೂರನ್ನೂ ಒಂದೇ ಸ್ಪರ್ಧೆಯಲ್ಲಿ ಒಂದರ ಹಿಂದೊಂದು ಮುಗಿಸುವ ಹವ್ಯಾಸಿ ಟ್ರಯಥ್ಲೀಟ್‌ಗಳಿಗೆ ಆನ್‌ಲೈನ್ ಮೂಲಕ ತರಬೇತಿ ಕೊಡುವ ಸೇವೆಗಳು ಈಗ ಬೇಕಾದಷ್ಟಿವೆ. ಅಂಥ ಒಂದು ಸೇವೆಗೆ ಹಣ ಕಟ್ಟಿ, ಬುನಾದಿ ಹಂತದಿಂದ ಹಿಡಿದು ಒಲಿಂಪಿಕ್ ದೂರದ ಸ್ಪರ್ಧೆಯ ದಿನದವರೆಗೆ ಒಂದು ಇಡೀ ಋತುವನ್ನು ಅದರ ಮಾರ್ಗದರ್ಶನದಲ್ಲೇ ಕಳೆದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಸೇವೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಇಂಥ ಸೇವೆಯನ್ನು ಕೊಳ್ಳಲು ಹೊರಟವರು ಯಾವುದನ್ನು ಪರೀಕ್ಷಿಸಿ ನೋಡಬೇಕು, ಯಾವುದಕ್ಕೆ ಮರುಳಾಗಬಾರದು ಎಂಬುದು ನನಗೆ ಮುಖ್ಯ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ವ್ಯಾಯಾಮದ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ, ಬಹಳಷ್ಟು ಕಡೆ ಉಚಿತವಾಗಿಯೇ ಸಿಗುತ್ತದೆ, ಹಣ ಕೊಡಬೇಕಾದದ್ದು ಆ ಪಟ್ಟಿಯಂತೆ ನಡೆಯಲಾಗದ ವಾರಗಳಲ್ಲಿ ಅದನ್ನು ಅಳಿಸಿ ಬೇರೆ ಬರೆದು ಕೊಡುವ ಮನುಷ್ಯನಿಗೆ.

ಈ ಸೇವೆಯಲ್ಲಿ ಎರಡು ಹಂತಗಳಿವೆ. ಮೊದಲನೆಯದರಲ್ಲಿ ತಂತ್ರಾಂಶವೇ ಯೋಜನೆ ರೂಪಿಸುತ್ತದೆ: ಗುರಿಯ ಸ್ಪರ್ಧೆ, ದಿನಾಂಕ, ವಾರಕ್ಕೆ ಎಷ್ಟು ಗಂಟೆ ಸಿಗಬಹುದು ಎಂಬುದನ್ನು ತಿಳಿಸಿದರೆ ಪ್ರತಿದಿನದ ಈಜು, ಸೈಕ್ಲಿಂಗ್, ಓಟಗಳು ಕ್ಯಾಲೆಂಡರಿನಲ್ಲಿ ಬಂದು ಕೂರುತ್ತವೆ, ಕೈಗಡಿಯಾರದಿಂದ ಮಾಹಿತಿ ತಾನಾಗಿ ಅಪ್‌ಲೋಡ್ ಆಗುತ್ತದೆ. ಎರಡನೆಯದರಲ್ಲಿ ಅದೇ ಕ್ಯಾಲೆಂಡರಿನ ಹಿಂದೆ ಒಬ್ಬ ಕೋಚ್ ಇರುತ್ತಾರೆ. ವಾರಕ್ಕೊಮ್ಮೆ ದಾಖಲೆಗಳನ್ನು ನೋಡಿ ಟಿಪ್ಪಣಿ ಬರೆಯುತ್ತಾರೆ, ಮುಂದಿನ ವಾರವನ್ನು ತಾವೇ ಹಾಕುತ್ತಾರೆ, ಈಜಿನ ವೀಡಿಯೊ ಕಳುಹಿಸಿದರೆ ವಿಶ್ಲೇಷಿಸಿ ಕೊಡುತ್ತಾರೆ. ಬೆಲೆಯಲ್ಲಿ ಎರಡಕ್ಕೂ ಬಹಳ ಅಂತರವಿದೆ. ನಾನು ಮೊದಲನೆಯದರಲ್ಲಿ ಆರಂಭಿಸಿ, ಋತುವಿನ ನಡುವೆ ಎರಡನೆಯದಕ್ಕೆ ಬದಲಾಯಿಸಿಕೊಂಡೆ. ಹಾಗಾಗಿ ಎರಡನ್ನೂ ಒಂದೇ ದೇಹದ ಮೇಲೆ ಹೋಲಿಸಿ ನೋಡುವ ಅವಕಾಶ ಸಿಕ್ಕಿತು.

ಟ್ರಯಥ್ಲಾನ್‌ಗೆ ಹೊಸಬರಾದ ಓದುಗರಿಗಾಗಿ ದೂರಗಳನ್ನು ಹೇಳಿ ಮುಂದುವರಿಯುತ್ತೇನೆ. ಸ್ಪ್ರಿಂಟ್ ಸ್ಪರ್ಧೆಯಲ್ಲಿ 750 ಮೀಟರ್ ಈಜು, 20 ಕಿಲೋಮೀಟರ್ ಸೈಕ್ಲಿಂಗ್, 5 ಕಿಲೋಮೀಟರ್ ಓಟ. ಒಲಿಂಪಿಕ್ ದೂರ ಇದರ ಎರಡರಷ್ಟು, ಅಂದರೆ 1.5, 40 ಮತ್ತು 10 ಕಿಲೋಮೀಟರ್. ಪೂರ್ಣ ದೂರದ ಸ್ಪರ್ಧೆಯಲ್ಲಿ 3.8 ಕಿಲೋಮೀಟರ್ ಈಜಿ, 180 ಕಿಲೋಮೀಟರ್ ಸೈಕಲ್ ತುಳಿದು, ಕೊನೆಗೆ 42.2 ಕಿಲೋಮೀಟರ್ ಓಡಬೇಕು. ಉದ್ಯೋಗ, ಮನೆ ಎರಡನ್ನೂ ನಿಭಾಯಿಸುವ ಹವ್ಯಾಸಿಗೆ ದೂರಕ್ಕಿಂತ ಕಷ್ಟವೆಂದರೆ ಮೂರು ಆಟಗಳ ನಡುವೆ ವಾರದ ಗಂಟೆಗಳನ್ನು ಹಂಚುವುದು. ಸೈಕ್ಲಿಂಗ್‌ನಲ್ಲಿ ದಣಿದ ತೊಡೆಗಳನ್ನೇ ಮರುದಿನದ ಓಟಕ್ಕೂ ಬಳಸಬೇಕು. ಎರಡು ವಾರ ಕೊಳಕ್ಕೆ ಹೋಗದಿದ್ದರೆ ನೀರಿನ ಹಿಡಿತ ಕೈತಪ್ಪುತ್ತದೆ. ಒಂದರಲ್ಲಿ ಮುಂದೆ ಬರುತ್ತಿರುವಾಗಲೇ ಇನ್ನೊಂದರಲ್ಲಿ ಹಿಂದೆ ಬಿದ್ದಿರುತ್ತೇವೆ. ಇದನ್ನು ಹೊರಗಿನಿಂದ ನೋಡಿ ತೂಗಿ ಹೇಳುವವರು ಬೇಕೆನಿಸುವುದು ಸಹಜ, ಈ ಸೇವೆಗಳಿಗೆ ಗಿರಾಕಿಗಳು ಸಿಗುವುದೂ ಅದರಿಂದಲೇ.

ಆರಂಭದ ಪರೀಕ್ಷೆಗಳನ್ನು ಈ ಸೇವೆ ಅಚ್ಚುಕಟ್ಟಾಗಿ ಮಾಡಿಸುತ್ತದೆ. ಈಜಿಗೆ 400 ಮೀಟರ್ ಒಮ್ಮೆ, 200 ಮೀಟರ್ ಒಮ್ಮೆ ಪೂರ್ತಿ ಶಕ್ತಿಯಿಂದ ಈಜಿಸಿ, ಎರಡರ ಸಮಯದ ವ್ಯತ್ಯಾಸದಿಂದ ಸಿಎಸ್‌ಎಸ್ (ಕ್ರಿಟಿಕಲ್ ಸ್ವಿಮ್ ಸ್ಪೀಡ್) ಎಂಬ ವೇಗವನ್ನು ಲೆಕ್ಕ ಹಾಕುತ್ತಾರೆ. 400 ಮೀಟರ್ ಈಜಲು 8 ನಿಮಿಷ 40 ಸೆಕೆಂಡು, 200ಕ್ಕೆ 4 ನಿಮಿಷ 10 ಸೆಕೆಂಡು ಹಿಡಿದರೆ ವ್ಯತ್ಯಾಸ 4 ನಿಮಿಷ 30 ಸೆಕೆಂಡು. ಅಂದರೆ 100 ಮೀಟರಿಗೆ 2 ನಿಮಿಷ 15 ಸೆಕೆಂಡಿನ ವೇಗವನ್ನು ಆ ಈಜುಗಾರ ಸಾಕಷ್ಟು ಹೊತ್ತು ಕಾಯ್ದುಕೊಳ್ಳಬಲ್ಲರು ಎಂದು ತಿಳಿಯಬಹುದು. ಸೈಕಲ್ಲಿಗೆ 20 ನಿಮಿಷದ ಪರೀಕ್ಷೆ. ಅದರಲ್ಲಿ ಬಂದ ಸರಾಸರಿ ಶಕ್ತಿಯ ಶೇ 95ನ್ನು ಎಫ್‌ಟಿಪಿ, ಅಂದರೆ ಸುಮಾರು ಒಂದು ಗಂಟೆ ಕಾಯ್ದುಕೊಳ್ಳಬಲ್ಲ ಗರಿಷ್ಠ ಶಕ್ತಿ ಎಂದು ಹಿಡಿಯುತ್ತಾರೆ, 220 ವ್ಯಾಟ್ ಬಂದರೆ 209. ಪರೀಕ್ಷೆಗೆ ಮುಂಚಿನ ವಾರ್ಮ್‌ಅಪ್ ಹೇಗಿರಬೇಕು, ಮೊದಲ ಐದು ನಿಮಿಷಗಳಲ್ಲಿ ಏಕೆ ಪೂರ್ತಿ ಬಲ ಹಾಕದೆ ಹಿಡಿತದಲ್ಲಿ ತುಳಿಯಬೇಕು ಎಂಬ ಸೂಚನೆಗಳು ಸ್ಪಷ್ಟವಾಗಿದ್ದು, ಮೊದಲ ಸಲ ಮಾಡುವವರಿಗೂ ಗೊಂದಲವಾಗುವುದಿಲ್ಲ.

ಆದರೆ ಹೃದಯ ಬಡಿತದ ವಲಯಗಳ, ಅಂದರೆ ಹಗುರ, ಕಷ್ಟ ಎಂದು ತೀವ್ರತೆಯನ್ನು ವಿಂಗಡಿಸುವ ಬಡಿತದ ಮಿತಿಗಳ ವಿಷಯದಲ್ಲಿ ತಂತ್ರಾಂಶದ ಹಂತ ನಿರಾಸೆ ಮೂಡಿಸಿತು. ಪರೀಕ್ಷೆಯ ಫಲಿತಾಂಶ ಕೈಯಲ್ಲಿದ್ದರೂ, 220ರಿಂದ ವಯಸ್ಸನ್ನು ಕಳೆಯುವ ಹಳೆಯ ಸೂತ್ರದಿಂದಲೇ ಅದು ಗರಿಷ್ಠ ಬಡಿತವನ್ನು ನಿಗದಿ ಮಾಡಿತು. ಆ ಸೂತ್ರ ಜನಸಮೂಹದ ಸರಾಸರಿಗೆ ಹೊಂದುತ್ತದೆಯೇ ಹೊರತು ಒಬ್ಬೊಬ್ಬರಿಗೆ ಹೊಂದುವುದಿಲ್ಲ. ಹತ್ತು ಹನ್ನೆರಡು ಬಡಿತಗಳ ಏರುಪೇರು ತೀರಾ ಸಾಮಾನ್ಯ. ಇದರ ಜೊತೆಗೆ ಅದೇ ವಲಯಗಳನ್ನು ಮೂರೂ ಆಟಗಳಿಗೆ ಹಚ್ಚಿತು. ಓಡುವಾಗ ಏರುವಷ್ಟು ಬಡಿತ ಸಾಮಾನ್ಯವಾಗಿ ಸೈಕಲ್ ಮೇಲೆ ಏರುವುದಿಲ್ಲ, ಮೈ ಅಡ್ಡವಾಗಿ ತೇಲುತ್ತಿರುವ ನೀರಿನಲ್ಲಂತೂ ಇನ್ನೂ ಏರುವುದಿಲ್ಲ. ಹೀಗಾಗಿ ಓಟದಲ್ಲಿ ಹಗುರವೆನಿಸುವ ಅಂಕಿ ಸೈಕಲ್ ಮೇಲೆ ಕಷ್ಟದ ದುಡಿಮೆಯಾಗುತ್ತದೆ. ಕೋಚ್ ಬಂದ ಮೇಲೆ ಅವರು ಮಾಡಿದ ಮೊದಲ ಕೆಲಸವೇ ಈ ವಲಯಗಳನ್ನು ಅಳಿಸಿ, ಓಟಕ್ಕೆ ಬೇರೆ, ಸೈಕಲ್ಲಿಗೆ ಬೇರೆ ಹಾಕಿದ್ದು. ಈಜಿಗೆ ಬಡಿತವನ್ನು ನೋಡುವುದೇ ಬೇಡ, ವೇಗವನ್ನಷ್ಟೇ ನೋಡಿ ಎಂದರು.

ಹಗುರ ದಿನಗಳನ್ನು ಹಗುರವಾಗಿಯೇ ಉಳಿಸುವ ಶಿಸ್ತು ನನ್ನ ಪಾಲಿಗೆ ಈ ಸೇವೆಯ ದೊಡ್ಡ ಕೊಡುಗೆ. ದೀರ್ಘ ದೂರದ ಆಟಗಳ ಅಗ್ರಮಾನ್ಯ ಕ್ರೀಡಾಪಟುಗಳು ತಮ್ಮ ಅಭ್ಯಾಸದ ಸುಮಾರು ಶೇ 80ರಷ್ಟನ್ನು ಕಡಿಮೆ ತೀವ್ರತೆಯಲ್ಲೇ ಮಾಡುತ್ತಾರೆಂಬುದನ್ನು ಶರೀರಕ್ರಿಯಾ ವಿಜ್ಞಾನಿ ಸ್ಟೀಫನ್ ಸೈಲರ್ ಗುರುತಿಸಿ ತೋರಿಸಿದ್ದಾರೆ. ಹವ್ಯಾಸಿಗಳಲ್ಲಿ ಇದು ತಲೆಕೆಳಗಾಗುವುದು ಹೆಚ್ಚು: ಸಿಗುವುದೇ ನಲವತ್ತು ನಿಮಿಷ, ಅದನ್ನು ನಿಧಾನ ಓಟಕ್ಕೆ ಕೊಟ್ಟರೆ ವ್ಯರ್ಥವಾಯಿತೆಂಬ ಭಾವನೆ ಬರುತ್ತದೆ. ಆಗ ಪ್ರತಿ ಓಟವೂ ಅರ್ಧ ಕಷ್ಟದ್ದಾಗಿ, ನಿಜವಾಗಿ ಕಷ್ಟಪಡಬೇಕಾದ ದಿನ ಕಾಲಿನಲ್ಲಿ ತ್ರಾಣವೇ ಇರುವುದಿಲ್ಲ. ತಂತ್ರಾಂಶ ಈ ನಿಯಮವನ್ನು ಕ್ಯಾಲೆಂಡರಿನಲ್ಲಿ ಪಾಲಿಸುತ್ತದೆ, ಆದರೆ ನಾವು ಅದನ್ನು ಮೀರಿದರೆ ಸುಮ್ಮನಿರುತ್ತದೆ. ವೇಗ ಹೆಚ್ಚಾದದ್ದಕ್ಕೆ ಹಸಿರು ಗುರುತು ಹಾಕಿ ಅಭಿನಂದಿಸಿದ್ದೂ ಉಂಟು. ಕೋಚ್ ಮಾತ್ರ ಒಂದು ಹಗುರ ಓಟದ ದಾಖಲೆಯನ್ನು ತೆರೆದು, ಕೊನೆಯ ಎರಡು ಕಿಲೋಮೀಟರುಗಳಲ್ಲಿ ಬಡಿತ ಏರುತ್ತ ಹೋದ ಗೆರೆಯನ್ನು ಗುರುತು ಮಾಡಿ, ‘ಇಲ್ಲಿ ನಿಮಗೆ ಪೂರ್ಣ ವಾಕ್ಯ ಮಾತನಾಡಲು ಆಗುತ್ತಿತ್ತೇ?’ ಎಂದು ಕೇಳಿದರು. ಮುಂದಿನ ಓಟಗಳಲ್ಲಿ ನಾನು ಗಡಿಯಾರಕ್ಕಿಂತ ಮೊದಲು ಆ ಪ್ರಶ್ನೆಯನ್ನೇ ಕೇಳಿಕೊಳ್ಳತೊಡಗಿದೆ. ಕೆಲವು ವಾರಗಳ ನಂತರ ಅದೇ ಬಡಿತದಲ್ಲಿ ವೇಗ ತಾನಾಗಿ ಹೆಚ್ಚಿತು. ಹವ್ಯಾಸಿಗೆ ಸಿಗುವ ಸಂತೋಷಗಳಲ್ಲಿ ಇದು ಬಹಳ ದೊಡ್ಡದು.

ಈಜಿನ ವೀಡಿಯೊ ವಿಶ್ಲೇಷಣೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕು, ಏಕೆಂದರೆ ಎರಡನೆಯ ಹಂತಕ್ಕೆ ಕೊಟ್ಟ ಹಣದ ಬಹುಪಾಲು ನನಗೆ ಇಲ್ಲಿಯೇ ಸಾರ್ಥಕವೆನಿಸಿತು. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ, ಅದರ ಎಳೆತ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಆದ್ದರಿಂದ ದೊಡ್ಡವರಾದ ಮೇಲೆ ಈಜು ಕಲಿತವರು ಶ್ವಾಸಕೋಶದ ಬಲದಿಂದ ವೇಗ ಹೆಚ್ಚಿಸಿಕೊಳ್ಳಲು ಹೋದರೆ ದಣಿವು ಹೆಚ್ಚುತ್ತದೆ, ವೇಗ ಹೆಚ್ಚುವುದಿಲ್ಲ. ನಾನು ಕಳುಹಿಸಿದ್ದು ಕೊಳದ ದಡದಿಂದ ತೆಗೆದ ಒಂದು ವೀಡಿಯೊ ಮತ್ತು ನೀರೊಳಗಿಂದ ಎದುರಾಗಿ ತೆಗೆದ ಇನ್ನೊಂದು. ಕೋಚ್ ಅದನ್ನು ಒಂದೊಂದೇ ಚೌಕಟ್ಟಿನಲ್ಲಿ ನಿಲ್ಲಿಸಿ ಗೆರೆ ಎಳೆದು ಕಳುಹಿಸಿದರು. ಉಸಿರಿಗಾಗಿ ತಲೆ ತಿರುಗುವ ಬದಲು ಮೇಲಕ್ಕೆ ಏಳುತ್ತಿತ್ತು, ಅದು ಎದ್ದ ಕ್ಷಣದಲ್ಲೇ ಸೊಂಟ ಮತ್ತು ಕಾಲುಗಳು ಕೆಳಗಿಳಿಯುತ್ತಿದ್ದವು; ಆ ಹೊತ್ತಿಗೆ ಮುಂದೆ ಚಾಚಿದ ಎಡಗೈ ದೇಹದ ನಡುಗೆರೆಯನ್ನು ದಾಟಿ ಬಲಕ್ಕೆ ಹೋಗಿ, ತೂಕ ತಾಳಲು ನೀರನ್ನು ಕೆಳಕ್ಕೆ ಒತ್ತುತ್ತಿತ್ತು, ಹಿಂದಕ್ಕೆ ತಳ್ಳುತ್ತಿರಲಿಲ್ಲ.

ಮೂರು ದೋಷಗಳಿದ್ದರೂ ಅವರು ಒಂದನ್ನು ಮಾತ್ರ ತಿದ್ದಲು ಹೇಳಿದರು. ನೀರಿನೊಳಗೆ ಮುಖವಿರುವಾಗ ಪೂರ್ತಿ ಉಸಿರು ಬಿಟ್ಟು ಮುಗಿಸಬೇಕು, ಈಜು ಕನ್ನಡಕದ ಒಂದು ಗಾಜು ನೀರಿನಲ್ಲೇ ಉಳಿಯುವಂತೆ ತಲೆಯನ್ನು ಹೊರಳಿಸಬೇಕು, ಅಷ್ಟೇ. ಉಸಿರನ್ನು ಒಳಗೆ ಹಿಡಿದಿಟ್ಟುಕೊಂಡವರು ಮೇಲೆ ಬಂದಾಗ ಬಿಡುವುದನ್ನೂ ಎಳೆಯುವುದನ್ನೂ ಒಟ್ಟಿಗೆ ಮಾಡಬೇಕಾಗುತ್ತದೆ, ಅದಕ್ಕೆ ಸಮಯ ಸಾಲದೆ ತಲೆ ಎತ್ತುತ್ತಾರೆ ಎಂಬ ಅವರ ವಿವರಣೆ ನನಗೆ ಹೊಸದು. ತಲೆ ಕೆಳಗಿಳಿದ ಮೇಲೆ ಕಾಲು ತಾನಾಗಿ ಮೇಲೆ ಬಂತು, ಕೈ ನಡುಗೆರೆ ದಾಟುವುದು ಬಹುಮಟ್ಟಿಗೆ ನಿಂತಿತು. ಆಮೇಲೆಯೇ ಅವರು ಮೊಣಕೈಯನ್ನು ಮೇಲಿಟ್ಟು, ದೊಡ್ಡ ಪೀಪಾಯಿಯೊಂದನ್ನು ತಬ್ಬುವಂತೆ ನೀರನ್ನು ಹಿಡಿಯುವ ಅಭ್ಯಾಸಕ್ಕೆ ಕೈಹಾಕಿದರು. ಹತ್ತು ದೋಷ ಕಂಡಾಗ ಹತ್ತನ್ನೂ ಹೇಳುವ ತರಬೇತುದಾರರು ಬಹಳ. ಯಾವುದು ಮೂಲ, ಯಾವುದು ಅದರ ಪರಿಣಾಮ ಎಂದು ಬಿಡಿಸಿ ನೋಡುವ ಕಣ್ಣು ತಂತ್ರಾಂಶಕ್ಕೆ ಇಲ್ಲ, ಎಲ್ಲ ಮನುಷ್ಯರಿಗೂ ಇರುವುದಿಲ್ಲ. ಸೇವೆಯನ್ನು ಆರಿಸುವವರು ಹಿಂದೆ ಮಾಡಿಕೊಟ್ಟ ಒಂದು ವಿಶ್ಲೇಷಣೆಯ ಮಾದರಿಯನ್ನು ಕೇಳಿ ತರಿಸಿಕೊಂಡು ನೋಡುವುದು ಒಳ್ಳೆಯದು.

ಇನ್ನು ಆ್ಯಪ್‌ನ ಮುಖಪುಟದಲ್ಲಿ ಸದಾ ಕಾಣುವ ಗ್ರಾಫಿನ ಮಾತು. ಪ್ರತಿ ವ್ಯಾಯಾಮಕ್ಕೂ ದೇಹದ ಮೇಲೆ ಬಿದ್ದ ಭಾರವನ್ನು ಅಳೆಯುವ ಟಿಎಸ್‌ಎಸ್ (ಟ್ರೈನಿಂಗ್ ಸ್ಟ್ರೆಸ್ ಸ್ಕೋರ್) ಎಂಬ ಅಂಕ ಸಿಗುತ್ತದೆ. ಎಫ್‌ಟಿಪಿಯ ಮಟ್ಟದಲ್ಲಿ ಒಂದು ಗಂಟೆ ದುಡಿದರೆ 100. ಈ ಅಂಕಗಳ 42 ದಿನಗಳ ತೂಗಿದ ಸರಾಸರಿಯನ್ನು ಕ್ಷಮತೆ ಎಂದೂ, 7 ದಿನಗಳ ಸರಾಸರಿಯನ್ನು ದಣಿವು ಎಂದೂ ತೋರಿಸುತ್ತಾರೆ. ಭಾರ ಏರುತ್ತಿದೆಯೇ ಇಳಿಯುತ್ತಿದೆಯೇ ಎಂದು ಒಂದೇ ನೋಟದಲ್ಲಿ ತಿಳಿಯಲು ಇದು ಉಪಯುಕ್ತ ಸಾಧನ, ಅದರಲ್ಲಿ ಸಂಶಯವಿಲ್ಲ. ಆದರೆ ಎಫ್‌ಟಿಪಿಯ ಶೇ 70ರಲ್ಲಿ ಎರಡು ಗಂಟೆ ಸೈಕಲ್ ತುಳಿದರೆ ಬರುವ ಅಂಕ 98. ಒಂದು ಗಂಟೆ ಜೀವ ಬಾಯಿಗೆ ಬರುವಂತೆ ತುಳಿದರೆ 100. ಎರಡೂ ಹತ್ತಿರ ಹತ್ತಿರ ಒಂದೇ ಎಂದು ಗ್ರಾಫ್ ಹೇಳುತ್ತದೆ, ಮರುದಿನ ಬೆಳಿಗ್ಗೆ ಮೆಟ್ಟಿಲಿಳಿಯುವ ಕಾಲುಗಳು ಹಾಗೆ ಹೇಳುವುದಿಲ್ಲ. ಮಗುವಿಗೆ ಜ್ವರ ಬಂದು ನಿದ್ದೆಗೆಟ್ಟ ರಾತ್ರಿ, ಕಚೇರಿಯಲ್ಲಿ ಕೆಲಸ ಒತ್ತರಿಸಿ ಬಂದ ವಾರ, ಇವುಗಳಿಗೆ ಆ ಲೆಕ್ಕದಲ್ಲಿ ಜಾಗವೇ ಇಲ್ಲ. ಗೆರೆ ಮೇಲೇರಿದಾಗ ಹಿಗ್ಗಿ, ಇಳಿದಾಗ ಕುಗ್ಗುವ ಅಭ್ಯಾಸವಾದರೆ ಬಿಡುವಿನ ವಾರವೂ ನಷ್ಟದಂತೆ ಕಾಣತೊಡಗುತ್ತದೆ. ಆ ಗ್ರಾಫನ್ನು ಮುಖಪುಟದಿಂದ ತೆಗೆದು ಒಳಗಿಡುವ ಆಯ್ಕೆಯನ್ನಾದರೂ ಈ ಸೇವೆ ಕೊಡಬೇಕಿತ್ತು.

ಗ್ರಾಫಿನ ಕೊರತೆ ಪೂರ್ತಿ ಬಯಲಾದದ್ದು ನಾನು ಕಾಯಿಲೆ ಬಿದ್ದಾಗ. ಆಗಿನ್ನೂ ತಂತ್ರಾಂಶದ ಹಂತದಲ್ಲಿದ್ದೆ. ಜ್ವರ, ಮೈಕೈ ನೋವು, ಎದೆಯಲ್ಲಿ ಕಫ. ಮೂಗು ಸೋರುವಂಥ ತೊಂದರೆ ಕುತ್ತಿಗೆಯ ಮೇಲ್ಭಾಗಕ್ಕೆ ಸೀಮಿತವಾಗಿದ್ದರೆ ಹಗುರ ವ್ಯಾಯಾಮ ನಡೆದೀತು, ಕುತ್ತಿಗೆಯ ಕೆಳಗೆ ಇಳಿದಿದ್ದರೆ ಅಥವಾ ಜ್ವರವಿದ್ದರೆ ಪೂರ್ತಿ ವಿಶ್ರಾಂತಿ ಎಂಬುದು ಕ್ರೀಡಾಪಟುಗಳಿಗೆ ಸಾಮಾನ್ಯವಾಗಿ ಹೇಳುವ ನಿಯಮ. ಜ್ವರದಲ್ಲಿ ಕಷ್ಟದ ವ್ಯಾಯಾಮ ಮಾಡುವುದರಿಂದ ಹೃದಯದ ಸ್ನಾಯುವಿಗೇ ಅಪಾಯ ಬರಬಹುದು. ನಾನು ಮಲಗಿದ್ದೆ, ಕ್ಯಾಲೆಂಡರಿನಲ್ಲಿ ದಿನಗಳು ಒಂದೊಂದಾಗಿ ಕೆಂಪಾಗುತ್ತಿದ್ದವು. ಕಾಯಿಲೆ ಎಂದು ನಮೂದಿಸುವ ಜಾಗ ಹುಡುಕಿದರೆ ಸಿಗಲಿಲ್ಲ, ‘ಮಾಡಲಿಲ್ಲ’ ಎಂಬ ಗುಂಡಿ ಮಾತ್ರ ಇತ್ತು. ಅದನ್ನು ಒತ್ತಿದಾಗ ತಂತ್ರಾಂಶ, ತಪ್ಪಿದ ಉದ್ದದ ಸೈಕ್ಲಿಂಗ್ ಮತ್ತು ವೇಗದ ಓಟಗಳನ್ನು ಮುಂದಿನ ವಾರದ ವ್ಯಾಯಾಮಗಳ ನಡುವೆ ತುರುಕಿ, ಗುರಿ ತಪ್ಪದಿರಲು ಇವನ್ನು ಪೂರೈಸಿ ಎಂಬ ಸಂದೇಶ ಕಳುಹಿಸಿತು. ಕಾಯಿಲೆಯಿಂದ ಎದ್ದವರಿಗೆ ಮಾಮೂಲಿಗಿಂತ ಹೆಚ್ಚು ಭಾರ ಹೊರಿಸುವ ಯೋಜನೆಯನ್ನು ತರಬೇತಿ ಎನ್ನಲು ನನಗೆ ಮನಸ್ಸಿಲ್ಲ. ನಾನು ಕೋಚ್ ಇರುವ ಹಂತಕ್ಕೆ ಬದಲಾದದ್ದು ಆ ವಾರವೇ.

ಕೋಚ್ ಮಾಡಿದ್ದು ಇದಕ್ಕೆ ತದ್ವಿರುದ್ಧ. ತಪ್ಪಿದ್ದನ್ನೆಲ್ಲ ಅಳಿಸಿದರು, ಮುಂದೂಡಲಿಲ್ಲ. ಬೆಳಿಗ್ಗೆ ಏಳುವ ಮುಂಚಿನ ಹೃದಯ ಬಡಿತ ಕಾಯಿಲೆಗೆ ಮುಂಚಿನ ಮಟ್ಟಕ್ಕೆ ಇಳಿಯುವವರೆಗೆ ನಡಿಗೆ ಮಾತ್ರ, ಆಮೇಲೆ ಅರ್ಧ ಗಂಟೆಯ ಹಗುರ ಸೈಕ್ಲಿಂಗ್, ಓಟ ಎಲ್ಲಕ್ಕಿಂತ ಕೊನೆಗೆ ಎಂದು ಬರೆದರು. ನಡುವೆ ನಿಗದಿಯಾಗಿದ್ದ ಸ್ಪ್ರಿಂಟ್ ಸ್ಪರ್ಧೆಯಲ್ಲಿ ಭಾಗವಹಿಸಿ, ಆದರೆ ಸಮಯ ನೋಡಬೇಡಿ ಎಂದರು. ಒಂದೆರಡು ವಾರಗಳಲ್ಲಿ ಕಳೆದುಕೊಳ್ಳುವ ಕ್ಷಮತೆ ಹೆಚ್ಚೇನೂ ಅಲ್ಲ, ಅದರ ಬಹುಪಾಲು ರಕ್ತದ ದ್ರವಾಂಶ ಇಳಿದದ್ದರಿಂದ ಆಗುವ ಇಳಿಕೆ, ಅಭ್ಯಾಸ ಆರಂಭಿಸಿದ ಮೇಲೆ ಬೇಗ ಮರಳುತ್ತದೆ ಎಂದು ಕಾರಣ ಸಹಿತ ವಿವರಿಸಿದ್ದರಿಂದ ಆತಂಕ ಎಷ್ಟೋ ಕಡಿಮೆಯಾಯಿತು.

ಓಟದಲ್ಲಿ ಬಂದ ತೊಂದರೆ ಬೇರೆ ಬಗೆಯದು, ಅದನ್ನು ಟ್ರಯಥ್ಲಾನ್‌ಗೆ ಬರುವ ಪ್ರತಿಯೊಬ್ಬರೂ ತಿಳಿದಿರಬೇಕು. ಸೈಕ್ಲಿಂಗ್ ಮತ್ತು ಈಜಿನಿಂದ ಹೃದಯ, ಶ್ವಾಸಕೋಶಗಳು ಕೆಲವೇ ವಾರಗಳಲ್ಲಿ ಬಲಗೊಳ್ಳುತ್ತವೆ. ಸ್ನಾಯುರಜ್ಜು ಮತ್ತು ಎಲುಬುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಉಸಿರು ಸಾಲುತ್ತದೆಂದು ವೇಗ ಹೆಚ್ಚಿಸಿದರೆ ಆ ಭಾರ ಹೊರಬೇಕಾದ ಹಿಮ್ಮಡಿ ಇನ್ನೂ ಸಿದ್ಧವಾಗಿರುವುದಿಲ್ಲ. ತಂತ್ರಾಂಶ ಓಟದ ಭಾರವನ್ನು ಒಟ್ಟು ಅಂಕದೊಳಗೆ ಸೇರಿಸಿ ನೋಡುವುದರಿಂದ, ಸೈಕ್ಲಿಂಗ್ ಇಳಿಸಿ ಓಟ ಏರಿಸಿದ ವಾರದಲ್ಲೂ ಎಲ್ಲ ಸರಿಯಿದೆ ಎಂದೇ ತೋರಿಸುತ್ತಿತ್ತು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಇಡುವ ಮೊದಲ ಹೆಜ್ಜೆಗಳಲ್ಲಿ ಹಿಮ್ಮಡಿಯ ಹಿಂಬದಿ ಬಿಗಿದು ನೋಯುತ್ತದೆಂದು ವಾರದ ಟಿಪ್ಪಣಿಯಲ್ಲಿ ಬರೆದದ್ದನ್ನು ಕೋಚ್ ಗಂಭೀರವಾಗಿ ತೆಗೆದುಕೊಂಡರು. ಫಿಸಿಯೊಥೆರಪಿಸ್ಟ್‌ಗೆ ತೋರಿಸಲು ಹೇಳಿದರು, ದೂರದಿಂದ ತಾವು ರೋಗನಿರ್ಣಯ ಮಾಡುವುದಿಲ್ಲ ಎಂದು ಸ್ಪಷ್ಟಪಡಿಸಿದರು. ಫಿಸಿಯೊಥೆರಪಿಸ್ಟ್ ಸೂಚಿಸಿದ್ದು ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮ; 15 ಬಾರಿಯ 3 ಸುತ್ತು, ದಿನಕ್ಕೆರಡು ಹೊತ್ತು, 12 ವಾರ. ಕೋಚ್ ಅದನ್ನು ಕ್ಯಾಲೆಂಡರಿನಲ್ಲಿ ಈಜು, ಸೈಕ್ಲಿಂಗ್‌ಗಳಷ್ಟೇ ಮಹತ್ವದ ಬಾಬತ್ತಾಗಿ ಸೇರಿಸಿ, ಓಟವನ್ನು ಸಮತಟ್ಟು ನೆಲದಲ್ಲಿ ಓಟ ಮತ್ತು ನಡಿಗೆಯ ಮಿಶ್ರಣಕ್ಕೆ ಇಳಿಸಿದರು. ನೋವು ಹೋಗಲು ಸಮಯ ಹಿಡಿಯಿತು. ಆ ಅವಧಿಯಲ್ಲಿ ಪ್ರತಿ ವಾರ ಮೂರು ಸಾಲಿನ ಉತ್ತರವಾದರೂ ಬಂದದ್ದು ನನ್ನನ್ನು ಅಭ್ಯಾಸದಲ್ಲಿ ಉಳಿಸಿತು.

ಇದೇ ಅವಧಿಯಲ್ಲಿ ಸೇವೆಯ ಮಾರುಕಟ್ಟೆ ವಿಭಾಗದಿಂದ ಬರುತ್ತಿದ್ದ ಪ್ರೋತ್ಸಾಹದ ಮಿಂಚಂಚೆಗಳು ಮಾತ್ರ ಸಹಿಸಲಾಗದಂತಿದ್ದವು. ನಿಲ್ಲಬೇಡಿ, ನೋವನ್ನು ಮೀರಿ ನಡೆಯಿರಿ ಎಂಬುದೇ ಎಲ್ಲದರ ಸಾರ. ಈ ಕ್ರೀಡೆಯ ಹುಟ್ಟಿನಲ್ಲೇ ಆ ಭಾವವಿದೆ ಎಂಬುದನ್ನು ಒಪ್ಪುತ್ತೇನೆ. 1978ರಲ್ಲಿ ಹವಾಯಿಯ ಓಹಾಹು ದ್ವೀಪದಲ್ಲಿ ನಡೆದ ಪೂರ್ಣ ದೂರದ ಮೊದಲ ಐರನ್‌ಮ್ಯಾನ್ ಸ್ಪರ್ಧೆಯಲ್ಲಿ 15 ಮಂದಿ ಹೊರಟು 12 ಮಂದಿ ಮುಗಿಸಿದರು, ಗೆದ್ದ ಗಾರ್ಡನ್ ಹಾಲರ್‌ಗೆ ಹನ್ನೊಂದೂ ಮುಕ್ಕಾಲು ಗಂಟೆಗೂ ಹೆಚ್ಚು ಹಿಡಿಯಿತು. 1982ರಲ್ಲಿ ಜೂಲಿ ಮಾಸ್ ಮುಕ್ತಾಯದ ಗೆರೆಯವರೆಗೆ ತೆವಳಿಕೊಂಡು ಹೋಗಿ ಎರಡನೆಯವರಾದ ದೃಶ್ಯ ದೂರದರ್ಶನದಲ್ಲಿ ಪ್ರಸಾರವಾಗಿ ಈ ಆಟವನ್ನು ಎಲ್ಲೆಡೆ ಪರಿಚಯಿಸಿತು. ಅವರ ಛಲ ನಿಜಕ್ಕೂ ದೊಡ್ಡದು. ಆದರೆ ಅದು ಸ್ಪರ್ಧೆಯ ಕೊನೆಯ ಕೆಲವು ಮೀಟರುಗಳ ಛಲ. ವಾರದ ನಡುವಿನ ಮಾಮೂಲಿ ಓಟಕ್ಕೆ ಅದನ್ನು ಆದರ್ಶವಾಗಿಟ್ಟರೆ ಗಾಯಗೊಂಡವರು ಇನ್ನಷ್ಟು ಗಾಯಗೊಳ್ಳುತ್ತಾರೆ. ಒಂದೆಡೆ ಕೋಚ್ ವಿಶ್ರಾಂತಿ ಬರೆದಿರುವಾಗ, ಅದೇ ಸಂಸ್ಥೆಯ ಮಿಂಚಂಚೆ ನೆಪ ಹೇಳಬೇಡಿ ಎನ್ನುವುದು ದೊಡ್ಡ ಅಸಂಗತಿ. ಈ ಸಂದೇಶಗಳನ್ನು ನಿಲ್ಲಿಸುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ. ಸೇರಿದ ದಿನವೇ ನಿಲ್ಲಿಸಿಬಿಡಿ.

ಆಹಾರದ ಮಾರ್ಗದರ್ಶನ ಸಾಧಾರಣ ಮಟ್ಟದ್ದು. ದೇಹದ ತೂಕದ ಮೇಲೆ ಮಾಡಿದ ಒಂದು ಕೋಷ್ಟಕ ಎಲ್ಲರಿಗೂ ಬರುತ್ತದೆ. ದೀರ್ಘ ಸ್ಪರ್ಧೆಯಲ್ಲಿ ಗಂಟೆಗೆ 60 ಗ್ರಾಂ, ಗ್ಲೂಕೋಸ್ ಜೊತೆಗೆ ಫ್ರಕ್ಟೋಸ್ ಬೆರೆಸಿದರೆ 90 ಗ್ರಾಂವರೆಗೆ ಕಾರ್ಬೋಹೈಡ್ರೇಟ್ ತೆಗೆದುಕೊಳ್ಳಬಹುದು ಎಂದಿದೆ. ಅದು ಸರಿಯೇ, ಕರುಳಿನಲ್ಲಿ ಆ ಎರಡು ಸಕ್ಕರೆಗಳು ಬೇರೆ ಬೇರೆ ದಾರಿಯಿಂದ ಒಳಗೆ ಸೇರುತ್ತವೆ. ಆದರೆ ಹೊಟ್ಟೆಗೂ ಅಭ್ಯಾಸ ಬೇಕು, ಸ್ಪರ್ಧೆಯ ದಿನ ಮೊದಲ ಬಾರಿಗೆ ಸಕ್ಕರೆಯಂಶದ ಜೆಲ್ ತಿಂದರೆ ಹೊಟ್ಟೆ ಕೆಡಬಹುದು ಎಂಬ ಮಾತು ಕೋಷ್ಟಕದ ಅಡಿಯಲ್ಲಿ ಸಣ್ಣಕ್ಷರಗಳಲ್ಲಿತ್ತು. ಬೆವರಿನ ಪ್ರಮಾಣ ತಿಳಿಯಲು ಒಂದು ಗಂಟೆಯ ವ್ಯಾಯಾಮಕ್ಕೆ ಮುಂಚೆ ಮತ್ತು ನಂತರ ತೂಕ ನೋಡಿ, ಇಳಿದ ಪ್ರತಿ ಕಿಲೋಗೂ ಒಂದು ಲೀಟರಿನಂತೆ ಹಿಡಿದು ನಡುವೆ ಕುಡಿದ ನೀರನ್ನೂ ಕೂಡಿಸುವ ಸರಳ ವಿಧಾನವನ್ನು ನಾನು ಕೇಳಿದ ಮೇಲೆಯೇ ಹೇಳಿದರು. ಅತಿಯಾಗಿ ನೀರು ಕುಡಿದು ರಕ್ತದ ಸೋಡಿಯಂ ಇಳಿಯುವುದು ಪ್ರಾಣಕ್ಕೇ ಕುತ್ತಾಗಬಲ್ಲದು, ಅದರ ಪ್ರಸ್ತಾಪ ಎಲ್ಲಿಯೂ ಇರಲಿಲ್ಲ. ಇದು ಸಣ್ಣ ಲೋಪವಲ್ಲ.

ಇನ್ನೂ ಒಂದು ಲೋಪವನ್ನು ಹೇಳಲೇಬೇಕು. ವ್ಯಾಯಾಮದ ಖರ್ಚಿಗೆ ತಕ್ಕಷ್ಟು ಆಹಾರ ಸೇವಿಸದಿದ್ದರೆ ಹಾರ್ಮೋನುಗಳು, ಎಲುಬು, ರೋಗನಿರೋಧಕ ಶಕ್ತಿ ಎಲ್ಲವೂ ಕುಸಿಯುವ ಸ್ಥಿತಿಗೆ ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ರೆಡ್-ಎಸ್ ಎಂದು ಹೆಸರಿಟ್ಟಿತು. ಅದು ಹೆಂಗಸರು, ಗಂಡಸರು ಇಬ್ಬರನ್ನೂ ಬಾಧಿಸುತ್ತದೆ. ಸೇರುವಾಗ ತುಂಬಿಸಿಕೊಳ್ಳುವ ಪ್ರಶ್ನಾವಳಿಯಲ್ಲಿ ಸೈಕಲ್ಲಿನ ಚೌಕಟ್ಟಿನ ಅಳತೆಯನ್ನೂ ಕೇಳಿದ್ದಾರೆ, ತೂಕ ಇಳಿಸುವ ಗುರಿಯನ್ನೂ ಕೇಳಿದ್ದಾರೆ, ಆದರೆ ಹಿಂದಿನ ಎಲುಬಿನ ಗಾಯ, ಮುಟ್ಟಿನ ಏರುಪೇರು, ರಕ್ತದಲ್ಲಿ ಕಬ್ಬಿಣದ ಕೊರತೆ ಇವುಗಳ ಬಗ್ಗೆ ಒಂದೂ ಪ್ರಶ್ನೆಯಿಲ್ಲ. ದಣಿವೆಂದು ಬರೆದವರಿಗೆ ಇನ್ನಷ್ಟು ನಿದ್ದೆ ಮಾಡಿ ಎನ್ನುವ ಮುಂಚೆ ಇವನ್ನು ಕೇಳುವುದು ಕೋಚ್‌ನ ಜವಾಬ್ದಾರಿ ಎಂದು ನಾನು ನಂಬುತ್ತೇನೆ.

ತೆರೆದ ನೀರಿನ ಈಜನ್ನು ದೂರದಿಂದ ಕಲಿಸುವುದಕ್ಕೆ ಮಿತಿಯಿದೆ, ಅದನ್ನು ಕೋಚ್ ತಾವಾಗಿ ಒಪ್ಪಿಕೊಂಡರು. ಕೊಳದಲ್ಲಿ ತಳದ ಕಪ್ಪು ಗೆರೆ ನೋಡಿಕೊಂಡು ನೇರ ಹೋಗುವವರು ಕೆರೆಯಲ್ಲೋ ಸಮುದ್ರದಲ್ಲೋ ದಿಕ್ಕು ತಪ್ಪಿ ಹೆಚ್ಚುವರಿ ದೂರ ಈಜುತ್ತಾರೆ. ತಣ್ಣೀರಿಗೆ ಇಳಿದ ತಕ್ಷಣ ಉಸಿರು ಸಿಕ್ಕಿಹಾಕಿಕೊಂಡಂತಾಗಿ ಗಾಬರಿಯಾಗುತ್ತದೆ. ಸುತ್ತಲೂ ಕೈಕಾಲುಗಳ ಬಡಿದಾಟ. ಕೆಲವು ಕೈಬೀಸುಗಳಿಗೊಮ್ಮೆ ಮೊಸಳೆಯಂತೆ ಕಣ್ಣಷ್ಟೇ ಮೇಲೆತ್ತಿ ದಾರಿಯ ಗುರುತಿಗೆ ನೀರಿನಲ್ಲಿ ತೇಲಿಬಿಟ್ಟ ಬುರುಡೆ (ಬಾಯ್) ನೋಡುವುದನ್ನು ಕೊಳದಲ್ಲೇ ಅಭ್ಯಾಸ ಮಾಡಿಸಿದರು. ಮಿಕ್ಕದ್ದಕ್ಕೆ ಎದುರಿಗೆ ನಿಂತು ಕಲಿಸುವವರ ಬಳಿ ಹೋಗಿ, ಒಬ್ಬರೇ ಎಂದೂ ಇಳಿಯಬೇಡಿ ಎಂದರು. ತಮ್ಮ ಸೇವೆಗೆ ಆಗದ್ದನ್ನು ಬೇರೆಯವರ ಬಳಿ ಕಲಿಯಿರಿ ಎಂದು ಹೇಳಿದ್ದು ಅವರ ಮೇಲಿನ ವಿಶ್ವಾಸವನ್ನು ಹೆಚ್ಚಿಸಿತು.

ಒಂದು ಆಟದಿಂದ ಇನ್ನೊಂದಕ್ಕೆ ಬದಲಾಗುವ ಟ್ರಾನ್ಸಿಷನ್ ಬಗೆಗಿನ ವೀಡಿಯೊ ಪಾಠಗಳು ತಂತ್ರಾಂಶದ ಹಂತದಲ್ಲೂ ಸಿಗುತ್ತವೆ, ಚೆನ್ನಾಗಿವೆ. ಹೆಲ್ಮೆಟ್ಟಿನ ಪಟ್ಟಿ ಬಿಗಿಯದೆ ಸೈಕಲ್ಲನ್ನು ಸ್ಟ್ಯಾಂಡಿನಿಂದ ತೆಗೆಯಬಾರದೆಂಬ ನಿಯಮ ಅಲ್ಲಿ ಮೊದಲಿಗೇ ಬರುತ್ತದೆ. ಸೈಕಲ್ ಇಳಿದ ಕೂಡಲೇ ಓಡುವ ಬ್ರಿಕ್ ಅಭ್ಯಾಸವನ್ನೂ ಅಳತೆ ಮೀರದಂತೆ ಹಾಕಿದ್ದಾರೆ. ಕಾಲುಗಳು ಮರಗಟ್ಟಿದಂತಿರುವ ಮೊದಲ ಹತ್ತು ನಿಮಿಷಗಳಿಗೆ ಒಗ್ಗಿಕೊಳ್ಳಲು ಚಿಕ್ಕ ಓಟವೇ ಸಾಕು.

ಸ್ಪರ್ಧೆಗೆ ಮುಂಚಿನ ಎರಡು ವಾರಗಳ ಟೇಪರ್, ಅಂದರೆ ಅಭ್ಯಾಸದ ಭಾರ ಇಳಿಸುವ ಅವಧಿಯ ಬಗ್ಗೆ ಒಳ್ಳೆಯ ಮಾತನ್ನೇ ಹೇಳಬೇಕು. ಒಟ್ಟು ಪ್ರಮಾಣವನ್ನು ಸುಮಾರು ಅರ್ಧಕ್ಕೆ ಇಳಿಸಿ, ಚಿಕ್ಕ ಚಿಕ್ಕ ವೇಗದ ತುಣುಕುಗಳನ್ನು ಮಾತ್ರ ಉಳಿಸಿದರು. ಭಾರ ಇಳಿದಾಗ ಹಗುರವೆನಿಸುವ ಬದಲು ಮೈ ಜಡವಾಗಿ, ಎಂದೂ ಇಲ್ಲದ ಸಣ್ಣಪುಟ್ಟ ನೋವುಗಳು ಕಾಣಿಸಿಕೊಳ್ಳಬಹುದು, ಅದಕ್ಕೆ ಹೆದರಿ ಒಂದು ಕೊನೆಯ ಕಷ್ಟದ ಅಭ್ಯಾಸ ಮಾಡಿಬಿಡೋಣ ಎಂದು ಹೊರಡಬೇಡಿ ಎಂಬ ಸೂಚನೆ ಮುಂಚಿತವಾಗಿಯೇ ಬಂದಿತ್ತು. ಹಾಗೆಯೇ ಆಯಿತು, ಹಾಗಾಗುತ್ತದೆಂದು ತಿಳಿದಿದ್ದರಿಂದ ತಡೆದುಕೊಂಡೆ. ಸ್ಪರ್ಧೆಯ ದಿನ ಈಜು ನಾನು ನಿರೀಕ್ಷಿಸಿದ್ದಕ್ಕಿಂತ ಸಮಾಧಾನವಾಗಿ ಮುಗಿಯಿತು, ಸೈಕಲ್ ಮೇಲೆ ನಿಗದಿಪಡಿಸಿದ ವ್ಯಾಟ್‌ಗಳಲ್ಲೇ ಉಳಿದೆ, ಓಟದ ಕೊನೆಯ ಕಿಲೋಮೀಟರುಗಳಲ್ಲಿ ವೇಗ ಇಳಿಯಿತಾದರೂ ಹಿಮ್ಮಡಿ ನೋಯಲಿಲ್ಲ. ಕಾಯಿಲೆ ಮತ್ತು ಗಾಯ ಎರಡನ್ನೂ ಕಂಡ ಋತುವಿನಲ್ಲಿ ಇದಕ್ಕಿಂತ ಹೆಚ್ಚಿನದನ್ನು ನಾನು ಬಯಸಿರಲಿಲ್ಲ.

ವ್ಯವಹಾರದ ವಿಷಯಗಳು ಚುಟುಕಾಗಿ. ನಮ್ಮ ಎಲ್ಲ ದಾಖಲೆಗಳನ್ನು ಡೌನ್‌ಲೋಡ್ ಮಾಡಿಕೊಂಡು ಬೇರೆಡೆಗೆ ಒಯ್ಯಬಹುದು. ಸೇವೆಯನ್ನು ತಿಂಗಳ ಕೊನೆಗೆ ನಿಲ್ಲಿಸಬಹುದು, ಆದರೆ ಗಾಯವಾದಾಗ ತಾತ್ಕಾಲಿಕವಾಗಿ ತಡೆಹಿಡಿಯುವ ಅನುಕೂಲವಿಲ್ಲ. ಕೋಚ್ ಉತ್ತರ ಸಾಮಾನ್ಯವಾಗಿ ಮರುದಿನದೊಳಗೆ ಬರುತ್ತಿತ್ತು. ಅವರು ರಜೆಯಲ್ಲಿದ್ದಾಗ ಬದಲಿಗೆ ಬಂದವರು ಹಿಂದಿನ ಟಿಪ್ಪಣಿಗಳನ್ನು ಓದದೆ ಬೆಟ್ಟದ ಓಟ ಹಾಕಿದರು. ಹಿಮ್ಮಡಿಯ ವಿಷಯ ನೆನಪಿಸಿದ ಮೇಲೆ ತೆಗೆದರು.

ಕೆಲವು ವರ್ಷಗಳ ಅನುಭವವಿದ್ದು, ತಮ್ಮ ದೇಹದ ಸೂಚನೆಗಳನ್ನು ಓದಬಲ್ಲವರಿಗೆ, ಯೋಜನೆಯ ಚೌಕಟ್ಟು ಮಾತ್ರ ಬೇಕೆನ್ನುವವರಿಗೆ ತಂತ್ರಾಂಶದ ಹಂತ ಸಾಕಾದೀತು. ತಪ್ಪಿದ ವ್ಯಾಯಾಮಗಳನ್ನು ತಾನಾಗಿ ಮುಂದೂಡುವ ಸೌಲಭ್ಯವನ್ನು ಅವರು ಮೊದಲೇ ನಿಷ್ಕ್ರಿಯಗೊಳಿಸಿಕೊಳ್ಳಬೇಕು. ಮೊದಲ ಒಲಿಂಪಿಕ್ ದೂರಕ್ಕೆ ಸಿದ್ಧರಾಗುವವರಿಗೆ, ಈಜು ತಡವಾಗಿ ಕಲಿತವರಿಗೆ, ಹಿಂದೆ ಗಾಯಗೊಂಡವರಿಗೆ ಆ ಹಂತವನ್ನು ನಾನು ಶಿಫಾರಸು ಮಾಡಲಾರೆ. ಅವರಿಗೆ ಕೋಚ್ ಇರುವ ಹಂತ ಕೆಲವೇ ತಿಂಗಳ ಮಟ್ಟಿಗಾದರೂ ಯೋಗ್ಯ, ಅದರ ಬೆಲೆ ಭಾರವೆನಿಸಿದರೆ ಹತ್ತಿರದ ಕೊಳದಲ್ಲಿ ಕಲಿಸುವವರ ಬಳಿ ಕೆಲವು ಪಾಠಗಳನ್ನು ಪಡೆದು ಉಚಿತ ಯೋಜನೆಯೊಂದನ್ನು ಅನುಸರಿಸುವುದು ತಂತ್ರಾಂಶದ ಹಂತಕ್ಕಿಂತ ಮೇಲು. ಮುಂದಿನ ಋತುವಿಗೂ ನಾನು ಅದೇ ಕೋಚ್ ಬಳಿ ಮುಂದುವರಿಯುತ್ತಿದ್ದೇನೆ. ಹಣ ಕಟ್ಟುವ ಮುಂಚೆ ಅವರಿಗೆ ಬದಲಿಯಾಗಿ ಬರುವವರು ಯಾರು, ನನ್ನ ಗಾಯದ ಇತಿಹಾಸ ಅವರ ಕೈಗೆ ಹೇಗೆ ತಲುಪುತ್ತದೆ ಎಂಬುದಕ್ಕೆ ಈ ಬಾರಿ ಲಿಖಿತ ಉತ್ತರ ಕೇಳಿ ಪಡೆದಿದ್ದೇನೆ.